ಯೇಸುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡಲು ಹಿಂಜರಿಕೆ: ಹೇಗೆ ಬಿಡಿಸಿಕೊಳ್ಳಲಿ?

ಆಫೀಸಿನವರ ಮುಂದೆ, ಅಕ್ಕಪಕ್ಕದವರ ಮುಂದೆ ನಂಬಿಕೆಯ ಮಾತೇ ಬಾಯಿಗೆ ಬರಲ್ಲ ಅಂದಿದ್ದೀರಿ. ನಾನೂ ಹಾಗೇ ಇದ್ದೆ. ಮಡಿಕೇರಿಯವಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೆ, ಹೊರಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿಯಿತು. ಮನೆ, ತೋಟ ಕಳೆದುಕೊಂಡವರು ಪರಿಹಾರ ಕೇಂದ್ರಗಳಿಗೆ ಬಂದರು. ನಾವು ಕೆಲವರು ಅಕ್ಕಿ, ಬೇಳೆ, ಸೋಪು ಕಟ್ಟಿ ಹಂಚಿದೆವು. ಪ್ರತಿ ಚೀಲಕ್ಕೂ ಯೇಸುವಿನ ಬಗ್ಗೆ ಒಂದು ಕರಪತ್ರ ಹಾಕಿದವಳು ನಾನು. ಯಾರೂ ಹೇಳಿರಲಿಲ್ಲ.

ಅಲ್ಲಿ ಶುಕ್ರವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಅಕ್ಕ ಇದ್ದರು, ನನಗೆ ತುಂಬಾ ಬೇಕಾದವರು. ಚೀಲ ಬಿಚ್ಚಿದರು. ಅಕ್ಕಿಯ ಬಿಳಿ ಧೂಳು ಮೆತ್ತಿದ್ದ ಕರಪತ್ರವನ್ನು ಓದಿ, ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು. "ಅಕ್ಕಿ ಕೊಟ್ಟಿದ್ದು ಇದಕ್ಕೇನಮ್ಮಾ?" ಅಂದರು. ಬೈಯಲಿಲ್ಲ. ಚೀಲ ಇಟ್ಟುಕೊಂಡರು, ಬೇರೆ ದಾರಿ ಇರಲಿಲ್ಲ. ಆಮೇಲೆ ಸಂತೆಯಲ್ಲಿ ಸೊಪ್ಪು ಕೊಡುತ್ತಿದ್ದರು, ದುಡ್ಡು ತಗೊಳ್ಳುತ್ತಿದ್ದರು. ಮೊದಲಿನ ಮಾತುಕತೆ ಹೋಯಿತು.

ಆ ಕರಪತ್ರದ ಒಂದೊಂದು ಸಾಲನ್ನೂ ಈಗಲೂ ನಂಬುತ್ತೇನೆ. ಆದರೆ ಬೇಡ ಅನ್ನಲಾಗದ ಹೊತ್ತಲ್ಲಿ ಅದನ್ನು ಅವರ ಕೈಗೆ ತುರುಕಿದೆ. ಎದುರು ಕೂತು ಹೇಳಲು ಧೈರ್ಯ ಸಾಲದೆ ಅಕ್ಕಿಯ ಮರೆಯಲ್ಲಿ ಹೇಳಿದೆ. ಮನೆ ಮಣ್ಣುಪಾಲಾದವರನ್ನು ಹೇಗಿದ್ದೀರಿ ಅಂತಲೂ ಕೇಳಿರಲಿಲ್ಲ. ಅವತ್ತು ಸಂಜೆ ಏನೋ ಸಾಧಿಸಿದ ಹಾಗೆ ಮನೆಗೆ ಹೋದೆನಲ್ಲ, ಅದು ಇನ್ನೂ ಚುಚ್ಚುತ್ತದೆ.

ಹಾಗಾಗಿ ಹಿಂಜರಿಕೆಯನ್ನು ಪೂರ್ತಿ ಬಿಡಿಸಿಕೊಳ್ಳಬೇಕು ಅನ್ನುವುದನ್ನೇ ನಾನು ಒಪ್ಪಲ್ಲ. ಸ್ವಲ್ಪ ಇರಲಿ. 1 ಪೇತ್ರ 3:15 ತೆಗೆದು ನೋಡಿ. ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಸಾತ್ವಿಕವಾಗಿ ಹೇಳಿ ಅಂತಿದೆ. ಮೊದಲು ಅವರಿಗೆ ಕೇಳಬೇಕು ಅನಿಸಬೇಕು, ಅಲ್ವಾ? ಅಮ್ಮತ್ತಿ ಹತ್ತಿರದ ಆನಂದಪುರದಲ್ಲಿ ಕ್ರೈಸ್ತ ಸಭೆ ಕಟ್ಟಿದ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬರುವ ಮೊದಲೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಸುವಾರ್ತೆ ಸಾರಲೆಂದೇ ಬಂದವರು ಇಲ್ಲಿಯವರ ಭಕ್ತಿಗೆ ಅಷ್ಟು ಕಿವಿ ಕೊಟ್ಟರು.

ಕಾನೂನಿನ ಭಯವೂ ಇರಬಹುದು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪ್ರಚಾರದ ಹಕ್ಕಿದೆ. ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನನಗದು ಸರಿ ಅನಿಸುತ್ತದೆ. ಮನಸ್ಸು ತಿರುಗಿಸುವ ಕೆಲಸ ದೇವರದು.

ಅಮ್ಮ ತೀರಿಕೊಂಡ ಮೇಲೆ ಜೊತೆ ಕೆಲಸ ಮಾಡುವವರೊಬ್ಬರು, "ಹೇಗೆ ತಡ್ಕೊಂಡ್ರಿ ಮೇಡಂ?" ಅಂತ ಕೇಳಿದರು. ರಾತ್ರಿ ಮಾಡುತ್ತಿದ್ದ ಪ್ರಾರ್ಥನೆಯ ಬಗ್ಗೆ ಹೇಳಿದೆ. ಗಂಟಲು ನಡುಗುತ್ತಿತ್ತು. ಆದರೂ ಅವರು ಎದ್ದು ಹೋಗಲಿಲ್ಲ, ಇನ್ನೂ ಕೇಳಿದರು.

ನೀವು ಒಂದು ಕೆಲಸ ಮಾಡಿ. ಭಾನುವಾರ ಏನು ಮಾಡಿದ್ರಿ ಅಂತ ಸೋಮವಾರ ಯಾರಾದರೂ ಕೇಳಿದರೆ "ಸುಮ್ನೆ ಮನೇಲಿದ್ದೆ" ಅನ್ನಬೇಡಿ. ಚರ್ಚಿಗೆ ಹೋಗಿದ್ದೆ ಅನ್ನಿ. ಸದ್ಯಕ್ಕೆ ಅಷ್ಟು ಸಾಕು. ಯಾರಿಗಾದರೂ ಅಕ್ಕಿ ಕೊಡುವಾಗ ಮಾತ್ರ ಬರೀ ಅಕ್ಕಿ ಕೊಡಿ.