ಹೆಲ್ಸಿಂಕಿಯಲ್ಲಿ ಬೋಧನಾ ತರಬೇತಿಯ ನಡುವೆ ಊರು ನೋಡುವ ಬಗ್ಗೆ

ಶರತ್ಕಾಲದಲ್ಲಿ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯ ಶಾಲೆಯೊಂದಕ್ಕೆ ಬೋಧನಾ ತರಬೇತಿಗಾಗಿ ತೆರಳಲಿರುವ ತಾವು, ಊರು ನೋಡಲು ವಾರಾಂತ್ಯಗಳಷ್ಟೇ ಸಾಕೇ ಎಂದು ಕೇಳಿದ್ದೀರಿ. ಸಾಕು, ಆದರೆ ಸುತ್ತಾಟವನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಬೇಡಿ, ಏಕೆಂದರೆ ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು 6 ಗಂಟೆಯಷ್ಟೇ ಇದ್ದು, ಪಾಠ ಮುಗಿಸಿ ಹೊರಬರುವಷ್ಟರಲ್ಲಿ ಬೆಳಕು ಮಸುಕಾಗಿರುತ್ತದೆ. ಸೆಪ್ಟೆಂಬರಿನಲ್ಲೇ ಸುವೊಮೆನ್‌ಲಿನ್ನಾ ನೋಡಿಬಿಡಿ. ಸ್ವೀಡನ್ನಿನ ಆಳ್ವಿಕೆಯಲ್ಲಿ 1748ರಲ್ಲಿ ಕಟ್ಟಲು ತೊಡಗಿದ, 1991ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಈ ದ್ವೀಪಕೋಟೆಗೆ ಮಾರುಕಟ್ಟೆ ಚೌಕದಿಂದ ದೋಣಿಯಲ್ಲಿ ಕಾಲು ಗಂಟೆಯ ದಾರಿ. ನಗರ ಸಾರಿಗೆಯ ಟಿಕೆಟೇ ಅದಕ್ಕೂ ಸಲ್ಲುತ್ತದೆ. ಅಕ್ಟೋಬರ್ ನಡುವಿನ ಕಿರು ರಜೆಯಲ್ಲಿ ಹಡಗು ಹತ್ತಿ, ಸುಮಾರು 2 ಗಂಟೆಯ ದೂರದ, ನೆರೆಯ ಎಸ್ಟೋನಿಯಾ ದೇಶದ ರಾಜಧಾನಿ ಟ್ಯಾಲಿನ್ನಿಗೆ ಹೋಗಿಬರಬಹುದು (ಪಾಸ್‌ಪೋರ್ಟ್ ಜೊತೆಗಿರಲಿ). ನನಗಂತೂ ವಸ್ತುಸಂಗ್ರಹಾಲಯಗಳಿಗಿಂತ 2018ರಲ್ಲಿ ಹೆಲ್ಸಿಂಕಿಯಲ್ಲಿ ತೆರೆದ ಓಡಿ ಗ್ರಂಥಾಲಯವೇ ಹೆಚ್ಚು ಹಿಡಿಸಿತು. ಮರುದಿನದ ಪಾಠಯೋಜನೆಯನ್ನೂ ಅಲ್ಲೇ ಕುಳಿತು ಬರೆಯಬಹುದು.