ಕೇಳಿ, ಹೇಳ್ತೀನಿ: ಸೈನ್ಯ ಸದ್ದಿಲ್ಲದೆ ಹೊರಡುತ್ತದೆಯೇ?

(ಸೇನೆಯ ಸಪ್ಲೈ ವಿಭಾಗದಲ್ಲಿ ಸುಬೇದಾರ್ ಆಗಿದ್ದು, ಈಗ ಧಾರವಾಡದ ಸಪ್ತಾಪುರದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಸುಬೇದಾರ್ ಸಾಹೇಬರಿಗೆ ನಮಸ್ಕಾರ. ನಮ್ಮ ಓಣಿಯ ಕಟ್ಟೆ ಮೇಲೆ ದಿನಾ ಸಂಜೆ ಒಂದೇ ವಾದ. ಇಂಥ ದೇಶ ಇಂಥ ಯುದ್ಧದಿಂದ ಗುಟ್ಟಾಗಿ ಸೈನ್ಯ ವಾಪಸ್ ಕರೆಸಿಕೊಳ್ಳುತ್ತಿದೆ ಅಂತ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತದೆ. 2021ರಲ್ಲಿ ಅಮೆರಿಕದವರು ಅಫ್ಘಾನಿಸ್ತಾನದ ಬಗ್ರಾಮ್ ವಾಯುನೆಲೆಯಿಂದ ರಾತ್ರೋರಾತ್ರಿ ಹೋದದ್ದು ನಿಜ ತಾನೆ? ಹಾಗಾದರೆ ಇಂಥ ಸುದ್ದಿ ನಂಬಬೇಕೋ, ಬಿಡಬೇಕೋ?
— ಓದುಗರೊಬ್ಬರು, ಲಕ್ಷ್ಮೇಶ್ವರ

ವಾದ ಮುಂದುವರಿಸಿ, ಮೊಬೈಲ್ ಮಾತ್ರ ಕೆಳಗಿಡಿ. ಸೈನ್ಯ ಹೊರಡುತ್ತದೋ ಇಲ್ಲವೋ ಅನ್ನುವುದು ಮಂತ್ರಿಗಳ ಭಾಷಣದಲ್ಲಿ ಗೊತ್ತಾಗುವುದಿಲ್ಲ. ಬೇಳೆಯ ಲೆಕ್ಕದಲ್ಲಿ ಗೊತ್ತಾಗುತ್ತದೆ.

ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿದ್ದಾಗ ನಾನು ಮದ್ರಾಸಿನಲ್ಲಿದ್ದೆ. ಒಂದು ಬ್ರಿಗೇಡ್ ಅಂದರೆ ಹೆಚ್ಚುಕಡಿಮೆ ಮೂರು ಸಾವಿರ ಹೊಟ್ಟೆ. ಅಷ್ಟು ಜನಕ್ಕೆ ಹಿಟ್ಟು, ಬೇಳೆ, ಎಣ್ಣೆ, ಡೀಸೆಲ್ ಎಲ್ಲವೂ ಸಮುದ್ರ ದಾಟಿ ಹೋಗಬೇಕು. ಅದಕ್ಕೆ ಮುಂಚೆಯೇ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಬರುತ್ತದೆ. ತಿಂಗಳುಗಟ್ಟಲೆ ದಾಸ್ತಾನು ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ವಾರಗಳ ಲೆಕ್ಕದಲ್ಲಿ ಕೇಳಲು ಶುರು ಮಾಡಿದರೆ ಸಪ್ಲೈನವನಿಗೆ ಬೇರೆ ಹೇಳಿಕೆ ಬೇಕಾಗಿಲ್ಲ. ಬ್ಯಾಡಗಿಯಲ್ಲಿ ಅಂಗಡಿ ಮುಚ್ಚಲು ಹೊರಟ ಮೆಣಸಿನಕಾಯಿ ದಲಾಲಿ ಯಾರಿಗೂ ಹೇಳುವುದಿಲ್ಲ, ಆದರೆ ಹೊಸ ಚೀಲ ಕೊಳ್ಳುವುದನ್ನು ನಿಲ್ಲಿಸುತ್ತಾನೆ ನೋಡಿ, ಹಾಗೆ. ಆಮೇಲೆ ಸಣ್ಣ ಸಣ್ಣ ಪೋಸ್ಟ್‌ಗಳು ದೊಡ್ಡ ಕ್ಯಾಂಪಿಗೆ ಸೇರುತ್ತವೆ. ಜನರೇಟರ್, ಭಾರೀ ಗಾಡಿ ಮೊದಲು ಬಂದರಿಗೆ ಬರುತ್ತವೆ. ಹುಡುಗರು ಕಪ್ಪು ಟ್ರಂಕಿಗೆ ಹೊಸದಾಗಿ ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆಸುತ್ತಾರೆ. ಇಷ್ಟಾದ ಮೇಲೆ ಗುಟ್ಟು ಎಲ್ಲಿ ಉಳಿಯಿತು?

ಶ್ರೀಲಂಕಾದ್ದೇ ನೋಡಿ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅಕ್ಟೋಬರ್‌ನಲ್ಲಿ, ಯಾರನ್ನು ಶಾಂತಪಡಿಸಲು ಹೋಗಿದ್ದೆವೋ ಆ ತಮಿಳು ಬಂಡುಕೋರರ ಪಡೆ ಎಲ್‌ಟಿಟಿಇ ಜೊತೆಗೇ ಕಾದಾಟ ಶುರುವಾಯಿತು. 1989ರ ಜೂನ್‌ನಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸ ‘ಜುಲೈ ಮುಗಿಯುವುದರೊಳಗೆ ಹೊರಡಿ’ ಅಂದರು. ದೆಹಲಿ ಆಗ ಒಪ್ಪಲಿಲ್ಲ, ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹಡಗು ಹತ್ತಿದ್ದು 1990ರ ಮಾರ್ಚ್ 24ಕ್ಕೆ. ಪೇಪರ್‌ನಲ್ಲಿ ಎಲ್ಲವೂ ಬಂತು. ಆ ಕಡೆ ಎಲ್‌ಟಿಟಿಇಯವರಿಗೂ ಗೊತ್ತಿತ್ತು. ಅಷ್ಟೇ ಏಕೆ, ನಮ್ಮ ವಿರುದ್ಧ ಬಳಸಲು ಪ್ರೇಮದಾಸ ಸರ್ಕಾರವೇ ಅವರಿಗೆ ಬಂದೂಕು ಕೊಟ್ಟಿತ್ತು ಅನ್ನುವುದು ಆಮೇಲೆ ಬಯಲಾಯಿತು.

ಹಾಗಾದರೆ ಕತ್ತಲಲ್ಲಿ ಉಳಿದವರು ಯಾರು? ನನ್ನ ಪ್ರಕಾರ ಇಂಥ ವಾಪಸಾತಿಯಲ್ಲಿ ಗುಟ್ಟು ಇಡುವುದು ಶತ್ರುವಿನಿಂದ ಅಲ್ಲ, ಜೊತೆಗಿದ್ದವನಿಂದ. ಈಶಾನ್ಯ ಪ್ರಾಂತದ ಮುಖ್ಯಮಂತ್ರಿ ವರದರಾಜ ಪೆರುಮಾಳ್ ನಮ್ಮನ್ನು ನಂಬಿ ಆಡಳಿತಕ್ಕೆ ಬಂದವರು. ನಾವು ಹೊರಡುವ ಹೊತ್ತಿಗೆ ಅವರೂ ಭಾರತಕ್ಕೆ ಬರಬೇಕಾಯಿತು. ಅವರ ಕಡೆ ಬಂದೂಕು ಹಿಡಿದಿದ್ದ ಹುಡುಗರಲ್ಲಿ ಬಹಳ ಮಂದಿಗೆ ಹಡಗು ಸಿಗಲಿಲ್ಲ.

ಬಗ್ರಾಮ್‌ನದೂ ಅದೇ ಕಥೆ. ಅಮೆರಿಕ ಹೊರಡುತ್ತದೆ ಅಂತ ತಾಲಿಬಾನಿಗೆ 2020ರ ಫೆಬ್ರವರಿ 29ರ ದೋಹಾ ಒಪ್ಪಂದದಿಂದಲೇ ಗೊತ್ತು. ಆ ಒಪ್ಪಂದದಲ್ಲಿ ಕಾಬೂಲ್ ಸರ್ಕಾರ ಇರಲೇ ಇಲ್ಲ! 2021ರ ಏಪ್ರಿಲ್‌ನಲ್ಲಿ ಬೈಡನ್ ಟಿವಿಯಲ್ಲೇ ಗಡುವು ಹೇಳಿದರು. ಆದರೆ ಜುಲೈ ಮೊದಲ ವಾರ ಬಗ್ರಾಮ್ ಖಾಲಿಯಾದ ರಾತ್ರಿ, ಅಲ್ಲಿನ ಅಫ್ಘಾನ್ ಕಮಾಂಡರ್‌ಗೆ ವಿಷಯ ತಿಳಿದದ್ದು ಎರಡು ಗಂಟೆ ಕಳೆದ ಮೇಲಂತೆ. ಕರೆಂಟ್ ಹೋಗಿತ್ತು. ಅವರ ಸೈನಿಕರು ಗೇಟಿಗೆ ಬರುವ ಮೊದಲೇ ಕಳ್ಳರು ಒಳಗೆ ನುಗ್ಗಿದ್ದರು. ಮೊದಲೇ ಮಾತಾಡಿಕೊಂಡಿದ್ದೆವು ಅಂತ ಅಮೆರಿಕದವರು ಹೇಳುತ್ತಾರೆ. ಇರಲಿ. ಇರಾಕಿನಲ್ಲಿ 2011ರ ಡಿಸೆಂಬರ್‌ನಲ್ಲೂ ಹಾಗೇ ಆಯಿತು. ವರ್ಷದ ಕೊನೆಗೆ ಹೊರಡುವುದು ಅಂತ 2008ರಲ್ಲೇ ಕಾಗದದ ಮೇಲಿತ್ತು. ಆದರೂ ಕೊನೆಯ ಸಾಲು ಗಾಡಿಗಳು ಕುವೈತ್ ಕಡೆ ಹೊರಟ ದಿನ, ಏನೂ ಆಗಿಲ್ಲವೆಂಬಂತೆ ಊರಿನ ಮುಖಂಡರಿಗೆ ಮಾಮೂಲಿ ಫೋನ್ ಮಾಡಿ ಅಂತ ದುಭಾಷಿಗಳಿಗೆ ಹೇಳಿದ್ದರು. ದಾರಿಯಲ್ಲಿ ಬಾಂಬ್ ಇಟ್ಟಾರು ಅನ್ನುವ ಭಯ. ಸೈನಿಕನಾಗಿ ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಕಡೆ ಫೋನ್ ಎತ್ತಿದವನ ಗತಿ ಏನು?

ಶತ್ರುವಿಗೇ ಗೊತ್ತಾಗದಂತೆ ಹೊರಟವರೂ ಇದ್ದಾರೆ. ಮೊದಲ ಮಹಾಯುದ್ಧದಲ್ಲಿ, 1915ರ ಡಿಸೆಂಬರ್‌ನಲ್ಲಿ, ತುರ್ಕಿಯ ಗಲಿಪೊಲಿಯಿಂದ ಬ್ರಿಟಿಷರ ಕಡೆಯ ಸೈನ್ಯ. ಬೂಟಿಗೆ ಗೋಣಿತಟ್ಟು ಸುತ್ತಿಕೊಂಡರು. ಡಬ್ಬಿಯಿಂದ ನೀರು ತೊಟ್ಟಿಕ್ಕಿ, ಕೆಳಗಿನ ಡಬ್ಬಿ ತುಂಬಿ, ಆ ಭಾರಕ್ಕೆ ಟ್ರಿಗರ್ ಎಳೆಯುವ ಬಂದೂಕುಗಳನ್ನು ಕಂದಕದಲ್ಲಿ ಬಿಟ್ಟು ಬಂದರು. ತುರ್ಕರು ಎದುರಿಗೆ ಜನ ಇದ್ದಾರೆ ಅಂದುಕೊಂಡೇ ಇದ್ದರು. ನಮ್ಮ ಹೇಸರಗತ್ತೆ ದಳದವರೂ ಅಲ್ಲಿದ್ದರು. ಉಪಗ್ರಹದ ಕಾಲದಲ್ಲಿ ಅದು ಆಗದ ಕೆಲಸ.

ಈಗ ನಿಮ್ಮ ವಾಟ್ಸಾಪ್ ಸುದ್ದಿಗೆ ಬರೋಣ. ಅದರಲ್ಲಿ ಅರ್ಧ ಸುಮ್ನೆ ಪಾಳಿ ಬದಲಾವಣೆ. ಒಂದು ಪಡೆ ಹೋಗುತ್ತದೆ, ಇನ್ನೊಂದು ಬರುತ್ತದೆ. ಹೋಗುವ ಹಡಗಿನ ಫೋಟೋ ಹಾಕುತ್ತಾರೆ, ಬರುವ ಹಡಗಿನದು ಹಾಕುವುದಿಲ್ಲ. ಇದಕ್ಕೆ ಉಲ್ಟಾನೂ ಉಂಟು. 2010ರ ಆಗಸ್ಟ್‌ನಲ್ಲಿ ಇರಾಕಿನಲ್ಲಿ ಯುದ್ಧದ ಕೆಲಸ ಮುಗಿಯಿತು ಅಂತ ಅಮೆರಿಕ ಸಾರಿತು, ಆದರೆ ಸುಮಾರು 50,000 ಸೈನಿಕರು ಸಲಹೆಗಾರರು ಅಂತ ಅಲ್ಲೇ ಉಳಿದರು. ಮುಂದೆ ಕಟ್ಟೆ ಮೇಲೆ ಯಾರಾದರೂ ಗುಟ್ಟಿನ ಸುದ್ದಿ ತಂದರೆ, ಬದಲಿಗೆ ಯಾರು ಬಂದರು, ಡೀಸೆಲ್ ಇನ್ನೂ ಹೋಗುತ್ತಿದೆಯಾ ಅಂತ ಕೇಳಿ.

ಅಣ್ಣಾರಿಗೆ ನಮಸ್ಕಾರ. ನಮ್ಮ ಮನೆಯವರು ಶ್ರೀಲಂಕಾಕ್ಕೆ ಹೋಗಿ ಬಂದವರು. ಈಗ ಇಲ್ಲ. ಕಾರ್ಗಿಲ್‌ನವರಿಗೆ ಸಿಕ್ಕ ಮರ್ಯಾದೆ ನಮಗೆ ಸಿಗಲಿಲ್ಲ ಅಂತ ಒಮ್ಮೊಮ್ಮೆ ಅನ್ನುತ್ತಿದ್ದರು. ಯಾಕೆ ಹಾಗೆ?
— ಓದುಗರೊಬ್ಬರು, ಶಿಗ್ಗಾಂವಿ

ತಂಗಿ, ನಿಮ್ಮ ಮನೆಯವರು ಹೇಳಿದ್ದು ಖರೆ. ನಮ್ಮವರು ಮದ್ರಾಸ್ ಬಂದರಿಗೆ ಬಂದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಬರಲೇ ಇಲ್ಲ. ಈ ಸೈನ್ಯ ಅಲ್ಲಿ ತಮಿಳರನ್ನೇ ಕೊಂದಿದೆ ಅನ್ನುವ ಸಿಟ್ಟು ಅವರಿಗೆ. ದೆಹಲಿಯಲ್ಲಿ ಸರ್ಕಾರ ಬದಲಾಗಿತ್ತು. ಕಳಿಸಿದವರು ಬೇರೆ, ಕರೆಸಿಕೊಂಡವರು ಬೇರೆ. ಹಾಗಾಗಿ ಅದು ಯಾರಿಗೂ ತಮ್ಮ ಯುದ್ಧ ಅನ್ನಿಸಲಿಲ್ಲ. ಸುಮಾರು 1,200 ಜನ ತೀರಿಕೊಂಡಿದ್ದರು.

ಬೇರೆ ಕಡೆಯೂ ಹೀಗೇ. ಅಫ್ಘಾನಿಸ್ತಾನದಲ್ಲಿ ಸತ್ತ ಸೋವಿಯತ್ ಹುಡುಗರ ಗೋರಿಯ ಮೇಲೆ ಎಲ್ಲಿ ಸತ್ತರು ಅಂತ ಬರೆಯಲೂ ಮೊದಮೊದಲು ಬಿಡುತ್ತಿರಲಿಲ್ಲ. ನಮ್ಮವರ ಸ್ಮಾರಕವನ್ನು ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ ಶ್ರೀಲಂಕಾದವರೇ ಕಟ್ಟಿಸಿದರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು 2019ರಲ್ಲಿ. ಅಲ್ಲಿ ಆ ಕಾರ್ಯಾಚರಣೆಯಲ್ಲಿ ಮಡಿದವರ ಹೆಸರುಗಳಿವೆ. ಮಕ್ಕಳು ದೆಹಲಿಗೆ ಹೋದರೆ ಕರೆದುಕೊಂಡು ಹೋಗಲಿ. ಯಜಮಾನರ ಜೊತೆಗಿದ್ದವರ ಹೆಸರು ಅಲ್ಲಿ ಸಿಗಬಹುದು. ಮತ್ತೆ, ಅವರ ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶದ ಕಾಗದ ಹಳೆಯದಾಯಿತು ಅಂತ ರದ್ದಿಗೆ ಹಾಕಬೇಡಿ.

ಸರ್, ಹೊರಡುವಾಗ ಅಷ್ಟೊಂದು ಗಾಡಿ, ಸಾಮಾನು ಬಿಟ್ಟು ಹೋಗುವುದು ಯಾಕೆ? ಅವಸರವೇ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ, ಧಾರವಾಡ

ಅವಸರ ಸ್ವಲ್ಪ, ಲೆಕ್ಕಾಚಾರ ಜಾಸ್ತಿ. ಅಫ್ಘಾನಿಸ್ತಾನಕ್ಕೆ ಸಮುದ್ರವಿಲ್ಲ ತಮ್ಮಾ. ಹಳೆಯ ಗಾಡಿಯನ್ನು ವಿಮಾನಕ್ಕೋ, ಬೇರೆ ದೇಶ ದಾಟಿಸಿ ಬಂದರಿಗೋ ಸಾಗಿಸುವ ಖರ್ಚು ಅದರ ಬೆಲೆಗಿಂತ ಹೆಚ್ಚು. ಹಾಗಾಗಿ ಕೆಲವನ್ನು ಗುಜರಿ ಮಾಡಿದರು, ಉಳಿದದ್ದನ್ನು ಅಫ್ಘಾನ್ ಸೈನ್ಯಕ್ಕೆ ಬಿಟ್ಟರು. ಬಗ್ರಾಮ್‌ನಲ್ಲಿ ಸಾವಿರಾರು ಗಾಡಿ, ಹತ್ತಾರು ಸಾವಿರ ನೀರಿನ ಬಾಟಲಿ, ಪೊಟ್ಟಣದ ಊಟ ಉಳಿದಿತ್ತು. ಬಹಳ ಗಾಡಿಗಳಿಗೆ ಕೀಲಿಯೇ ಇರಲಿಲ್ಲವಂತೆ. ನಮ್ಮ ಸ್ಟೋರ್‌ನಲ್ಲಿ ಕೀಲಿ ಕೊಡದೆ ಗಾಡಿ ಹ್ಯಾಂಡೋವರ್ ಮಾಡಿದ್ದರೆ ಸಾಹೇಬರು ರಜೆ ಚೀಟಿ ಹರಿದು ಹಾಕುತ್ತಿದ್ದರು!