ಊರಿನ ಪಟ್ಟಿಯಲ್ಲಿ ನಿನ್ನ ಹೆಸರಿರಲಿ, ತಮ್ಮಾ

‘ಇಂಗ್ಲೆಂಡಿನಲ್ಲಿ ಕಚೇರಿ ಕೆಲಸ ಹೇಳಿದ ದಿನಕ್ಕೆ ಆಗುತ್ತೆ. ನಮ್ಮ ಗೋಣಿಕೊಪ್ಪಲಿನ ಕಡೆ ಯಾಕೆ ಆಗಲ್ಲ? ಇಲ್ಲಿದ್ದುಕೊಂಡೇ ಊರಿಗೆ ಏನಾದರೂ ಮಾಡಬಹುದಾ ಅಣ್ಣಾ?’ ಅಂತ ಕೇಳಿದ್ದೀಯ. ಜೊತೆಗೆ ಚಳಿ, ಬಾಡಿಗೆ, ಊಟದ ವಿಷಯವೂ ಇದೆ. ಚಳಿಯ ಕೋಟು ಇಲ್ಲೇ ತಗೋ. ಬಾಡಿಗೆ ಕರಾರು ಪೂರ್ತಿ ಓದದೆ ಸಹಿ ಹಾಕಬೇಡ. ಊರಿಂದ ಯಾರಾದರೂ ಬರುವವರಿದ್ದರೆ ನಮ್ಮ ಕೊಡಗಿನ ಅಡುಗೆಯ ಹುಳಿ ಕಾಚಂಪುಳಿ ತರಿಸಿಕೋ, ಅದು ಇಲ್ಲಿ ಸುಲಭವಾಗಿ ಸಿಗೋದಿಲ್ಲ. ಉಳಿದದ್ದು ತಾನಾಗಿ ಗೊತ್ತಾಗುತ್ತೆ.

ನಿನ್ನ ಮೊದಲ ಪ್ರಶ್ನೆಗೆ ಮಾತ್ರ ನಿಧಾನವಾಗಿ ಉತ್ತರ ಬರೆಯಬೇಕು.

ನಾನು ಬಂದ ಹೊಸತರಲ್ಲಿ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಮತದಾರರ ಪಟ್ಟಿಯ ಕಾಗದ ಬಂತು. ನಮಗಲ್ಲ ಅಂದುಕೊಂಡು ಎಸೆದುಬಿಟ್ಟೆ. ನೀನು ಎಸೆಯಬೇಡ. ನಾವು ಕಾಮನ್‌ವೆಲ್ತ್ ದೇಶದವರು, ವೀಸಾ ಸರಿಯಿದ್ದರೆ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಗೂ ನಮಗೆ ಓಟಿದೆ. ಆನ್‌ಲೈನಲ್ಲೇ ಹೆಸರು ಸೇರಿಸಬಹುದು. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಗಡುವು ಮುಗಿಯುತ್ತೆ. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತೆ.

ಊರಿನ ಓಟಿಗೆ ತುಂಬಬೇಕಾದ ಅರ್ಜಿ ನಮೂನೆ 6ಎ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ 2010ರ ತಿದ್ದುಪಡಿ ಕೊಟ್ಟ ಹಕ್ಕು ಇದು. ಪಾಸ್‌ಪೋರ್ಟಿನ ಫೋಟೊ ಪುಟ, ವಿಳಾಸದ ಪುಟ, ವೀಸಾ, ಇವುಗಳ ಪ್ರತಿ ಬೇಕು. ನಮ್ಮ ಹುಡುಗರು ಎಡವುವುದು ವಿಳಾಸದಲ್ಲಿ. ಪಾಸ್‌ಪೋರ್ಟಿನಲ್ಲಿ ಯಾವ ವಿಳಾಸ ಇದೆಯೋ ಆ ಕ್ಷೇತ್ರಕ್ಕೇ ಹೆಸರು ಹೋಗುತ್ತೆ. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸ ಕೊಟ್ಟು ಪಾಸ್‌ಪೋರ್ಟ್ ಮಾಡಿಸಿದ್ದರೆ ನೀನು ವಿರಾಜಪೇಟೆಯ ಮತದಾರನಲ್ಲ. ಇನ್ನೊಂದು ಮಾತು, ಅಂಚೆ ಮತ ಇಲ್ಲ. ಅಸಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. ಕಷ್ಟ, ಒಪ್ಪುತ್ತೇನೆ. ಆದರೆ 1952ರಲ್ಲಿ 24 ಸದಸ್ಯರ ಸ್ವಂತ ವಿಧಾನಸಭೆಯಿದ್ದ ನಾಡು ನಮ್ಮ ಕೊಡಗು. 1956ರಲ್ಲಿ ಮೈಸೂರಿಗೆ ಸೇರಿದೆವು, ಈಗ ಮಡಿಕೇರಿ, ವಿರಾಜಪೇಟೆ ಅಂತ ಎರಡೇ ಕ್ಷೇತ್ರ. ಇರುವ ಎರಡರಲ್ಲಿ ನಮ್ಮ ಹೆಸರೂ ಇಲ್ಲದಿದ್ದರೆ ಹೇಗೆ?

ಇನ್ನು, ಇಲ್ಲಿ ಯಾಕೆ ಕೆಲಸ ಆಗುತ್ತೆ? ಇಲ್ಲಿಯ ಜನ ನಮಗಿಂತ ಪ್ರಾಮಾಣಿಕರು ಅಂತಲ್ಲ. ಕೌನ್ಸಿಲ್ ಪ್ರತಿ ವರ್ಷ 30 ಕೆಲಸದ ದಿನ ತನ್ನ ಲೆಕ್ಕಪತ್ರವನ್ನು ಜನರ ಮುಂದೆ ತೆರೆದಿಡಬೇಕು, ಮತದಾರ ಲೆಕ್ಕ ಪರಿಶೋಧಕರನ್ನೇ ಪ್ರಶ್ನೆ ಕೇಳಬಹುದು. ಕೇಳುತ್ತಾರೆ ಅನ್ನುವ ಅಂಜಿಕೆಯಿಂದಲೇ ಕಡತ ಸರಿಯಾಗಿರುತ್ತೆ. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಇಲ್ಲಿನ ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 2005ರ ಜನವರಿಯಲ್ಲಿ, ನಮ್ಮದು ಅದೇ ಅಕ್ಟೋಬರಿನಲ್ಲಿ. ನಾವು ಕೇಳುವ ರೂಢಿ ಮಾಡಿಕೊಳ್ಳಲಿಲ್ಲ. ಪಂಚಾಯ್ತಿಯಲ್ಲಿ ‘ನಮ್ಮವರು’ ಒಬ್ಬರಿದ್ದಾರೆ, ಒಂದು ಫೋನ್ ಮಾಡಿದರಾಯ್ತು ಅಂತ ಕೂತೆವು. ಫೋನಿನಲ್ಲಿ ಆದ ಕೆಲಸಕ್ಕೆ ದಾಖಲೆ ಇರೋದಿಲ್ಲ. ಮುಂದಿನವನಿಗೆ ಮತ್ತೆ ಫೋನೇ ಬೇಕಾಗುತ್ತೆ.

ಆದ್ದರಿಂದ ಮಾಹಿತಿ ಹಕ್ಕು ಕಾಯ್ದೆಯಡಿ ಕಾಗದದಲ್ಲಿ ಕೇಳು. ಮನೆ ಮುಂದಿನ ಕಾಂಕ್ರೀಟ್ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು ಅಂದುಕೋ. ‘ಯಾಕೆ ಕಳಪೆಯಾಯಿತು’ ಅಂತ ಬರೆದರೆ ಉತ್ತರ ಬರೋದಿಲ್ಲ, ಕಾಯ್ದೆ ಕೊಡಿಸುವುದು ದಾಖಲೆಯನ್ನು. ಕಾಮಗಾರಿಯ ಹೆಸರು, ವರ್ಷ ಬರೆದು, ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟ, ಬಿಲ್ಲು, ಈ ನಾಲ್ಕರ ಪ್ರತಿ ಕೇಳು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂಪಾಯಿ. ಕಾರಣ ಹೇಳಬೇಕಾಗಿಲ್ಲ.

ಅಳತೆ ಪುಸ್ತಕದ ಪುಟ ಕೈಗೆ ಬಂದಾಗ ಅದನ್ನು ಹಿಡಿದು ರಸ್ತೆಗೇ ಇಳಿಯಬೇಕು. ಉದ್ದ 100 ಮೀಟರ್, ಅಗಲ 3, ದಪ್ಪ 0.15 ಅಂತಿದ್ದರೆ 45 ಘನ ಮೀಟರ್ ಕಾಂಕ್ರೀಟಿಗೆ ಬಿಲ್ಲಾಗಿದೆ. ಚರಂಡಿಯ ಕಡೆ ಮಣ್ಣು ಕೊಚ್ಚಿಹೋದಲ್ಲಿ ರಸ್ತೆಯ ಅಂಚು ಕಾಣುತ್ತೆ, ನಾಲ್ಕಾರು ಕಡೆ ಟೇಪು ಹಿಡಿದು ನೋಡು. ಎಲ್ಲ ಕಡೆ 10 ಸೆಂಟಿಮೀಟರ್ ಸಿಕ್ಕರೆ 15 ಘನ ಮೀಟರಿನ ಲೆಕ್ಕ ಕೊಡಬೇಕಾದವರು ಅವರು. ಗ್ರಾಮಸಭೆಯಲ್ಲಿ ಈ ಎರಡು ಅಂಕಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಸಾಕು, ಕೂಗಾಡಬೇಕಾಗಿಲ್ಲ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅರ್ಜಿ ಹಾಕಿ ಮರೆತುಬಿಡುವುದೇ ದೊಡ್ಡ ತಪ್ಪು. ಸ್ವೀಕೃತಿಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡು.

ಇದನ್ನೆಲ್ಲ ನಿನಗೆ ಹೇಳುತ್ತಿದ್ದೇನೆ, ನಾನು ಮಾಡುವಂತಿಲ್ಲ. ನಾನು ಬ್ರಿಟಿಷ್ ಪೌರತ್ವ ತಗೊಂಡೆ. ತಗೊಂಡ ಕ್ಷಣಕ್ಕೆ ಭಾರತದ ಪೌರತ್ವ ಹೋಯಿತು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು ಊರಿಗೆ ಹೋಗಿಬರಲು ಆಗುತ್ತೆ, ಅದರಲ್ಲಿ ಓಟಿಲ್ಲ. ಮಾಹಿತಿ ಹಕ್ಕೂ ಪ್ರಜೆಗಳಿಗೆ ಮಾತ್ರ. ನಾನು ಆಡಿ ಬೆಳೆದ ಊರಿನ ಪಂಚಾಯ್ತಿಗೆ 10 ರೂಪಾಯಿಯ ಅರ್ಜಿ ಹಾಕುವ ಹಕ್ಕು ಇವತ್ತು ನನಗಿಲ್ಲ. ಪ್ರಯಾಣ ಸಲೀಸಾಗುತ್ತೆ ಅಂತಷ್ಟೇ ಯೋಚಿಸಿ ಸಹಿ ಹಾಕಿದ್ದೆ. ಪ್ರತಿ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಭತ್ತದ ಕದಿರು ಮನೆಯೊಳಗೆ ತರುವಾಗ ಈ ವ್ಯಥೆ ಎದೆಗೆ ಬರುತ್ತೆ.

ಹಾಗಾಗಿ ಪೌರತ್ವದ ಅರ್ಜಿ ತುಂಬುವ ಮೊದಲು ಒಂದು ವರ್ಷ ಕಾಯಿ. ಈ ವಾರ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ವಿಳಾಸ ನೋಡು. ಗೋಣಿಕೊಪ್ಪಲಿನದಾಗಿದ್ದರೆ 6ಎ ತುಂಬು, ಬೆಂಗಳೂರಿನದಾಗಿದ್ದರೆ ಮೊದಲು ವಿಳಾಸ ಬದಲಿಸು. ಮುಂದಿನ ಗ್ರಾಮಸಭೆ ಯಾವತ್ತು ಅಂತ ಅಪ್ಪನನ್ನು ಕೇಳಿ ನನಗೂ ತಿಳಿಸು.